ಆನೆ ಒಟಿಪಿ ಕೇಳುವುದಿಲ್ಲ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರದ ಸಾರ: "ನಿಮ್ಮ ಪತ್ರಿಕೆಯ ಕೊನೆಯ ಪುಟ ಓದಿ ಸಾಕಾಗಿದೆ. ಎಐ ಬಂದರೂ ಕೊಂಕು, ಮಸೂದೆ ಬಂದರೂ ಕೊಂಕು. ಹೋದ ಸಂಚಿಕೆಯಲ್ಲಿ ‘ಕಾಡಾನೆಗಳಿಗೂ ಇ-ಕೆವೈಸಿ ಕಡ್ಡಾಯ’ ಅಂತ ಬರೆದಿರಿ. ನಮ್ಮ ಪಕ್ಕದ ತೋಟದವರು ಅದನ್ನು ನಂಬಿ, ಸೈಬರ್ ಸೆಂಟರಿಗೆ ಹೋಗಿ, ಆನೆ ಫೋಟೋ ಎದುರಿಂದ ಬೇಕಾ, ಪಕ್ಕದಿಂದ ಆದರೆ ಸಾಕಾ ಅಂತ ಕೇಳಿ ನಗೆಪಾಟಲಾದರು. ಆ ಪುಟದ ತಲೆಮೇಲೆ ‘ಇದು ತಮಾಷೆಗೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಇಲ್ಲಾ ಪುಟವನ್ನೇ ನಿಲ್ಲಿಸಿ. ಆಡಿಕೊಳ್ಳೋದು ಸುಲಭ, ದಾರಿ ತೋರಿಸೋದು ಕಷ್ಟ." - ನಿವೃತ್ತ ಶಿಕ್ಷಕರು, ಆಲೂರು ತಾಲ್ಲೂಕು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಕೊನೆಯ ಪುಟ ಬರೆಯೋ ಹುಡುಗ ಇನ್ನೊಂದು ಸಲ ತೆಗೆದುಕೊಂಡು ಹೋಗಿ ಓದಿದ. ಕೆಂಪು ಪೆನ್ನಲ್ಲಿ ಅಡಿಗೆರೆ ಎಳೆದು ನೀವು ಜೊತೆಗಿಟ್ಟಿದ್ದ ಕಟಿಂಗ್ ಈಗ ಅವನ ಮೇಜಿನ ಗಾಜಿನ ಕೆಳಗಿದೆ. ಶಿಕ್ಷೆ ಅಂತ ಇಟ್ಟುಕೊಂಡಿದ್ದಾನೋ, ಪ್ರಶಸ್ತಿ ಅಂತಲೋ, ನಾನು ಕೇಳಲಿಲ್ಲ.

ಮೊದಲು ನಿಮ್ಮ ಪಕ್ಕದ ತೋಟದವರ ವಿಷಯ. ನಗೆಪಾಟಲಾದರು ಅಂತ ಬರೆದಿದ್ದೀರಿ. ಯಾಕೆ ಆಗಬೇಕು? ಅವರ ಜಾಗದಲ್ಲಿ ನಿಂತು ನೋಡಿ. ರೇಷನ್ ಕಾರ್ಡಿಗೆ ಇ-ಕೆವೈಸಿ ಆಯ್ತು. ಗ್ಯಾಸಿಗೆ ಆಯ್ತು. ಪಿಎಂ ಕಿಸಾನ್ ದುಡ್ಡಿಗೂ ಆಯ್ತು. ಕಾಫಿ ಹಣ್ಣು ಬಿಡಿಸಿ, ಕತ್ತಿ ಹಿಡಿದು ಗೆರೆ ಸವೆದ ಬೆರಳನ್ನು ಯಂತ್ರದ ಮೇಲೆ ಒತ್ತಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ನಾಳೆ ಬನ್ನಿ ಅನ್ನಿಸಿಕೊಂಡು ಬಂದವರು ನಮ್ಮ ಹೋಬಳಿಗಳಲ್ಲಿ ಕಡಿಮೆಯೇ? 2020ರಿಂದ ಬೆಳೆ ಸಮೀಕ್ಷೆಗೂ ಆಪ್ ಬಂತು. ತನ್ನ ಗದ್ದೆಯಲ್ಲಿ ಭತ್ತ ಇದೆ ಅಂತ ತೋರಿಸೋಕೆ ರೈತ ಆ ಗದ್ದೆಗೇ ಇಳಿದು ನಿಲ್ಲಬೇಕು. ಜಿಪಿಎಸ್ ಸಿಗೋವರೆಗೂ ಮೊಬೈಲನ್ನು ಆರತಿ ತಟ್ಟೆ ಹಾಗೆ ಎತ್ತಿ ಹಿಡಿದು ಸುತ್ತಬೇಕು. ಆಮೇಲೆ ಫೋಟೋ. ಆ ಫೋಟೋ ಹೋಗೋಕೆ ಗದ್ದೆಯಿಂದ ದಿಬ್ಬ ಹತ್ತಿ, ಸಿಗ್ನಲ್ ಇರೋ ಕಡೆಗೆ ಬರಬೇಕು. ಇಷ್ಟೆಲ್ಲ ಮಾಡಿದವರಿಗೆ ಆನೆಗೂ ಕೆವೈಸಿ ಅಂದರೆ ನಂಬದೇ ಇರೋಕೆ ಏನು ಕಾರಣ ಇದೆ ಹೇಳಿ? ಎದುರಿಂದ ಬೇಕಾ, ಪಕ್ಕದಿಂದ ಆದರೆ ಸಾಕಾ ಅನ್ನೋದು ದಡ್ಡರು ಕೇಳೋ ಪ್ರಶ್ನೆ ಅಲ್ಲವೇ ಅಲ್ಲ. ‘ಫೋಟೋ ಸರಿಯಿಲ್ಲ’ ಅಂತ ಅರ್ಜಿ ವಾಪಸ್ ಬಂದು ಗೊತ್ತಿರೋರು ಕೇಳೋ ಪ್ರಶ್ನೆ. ನಕ್ಕವರಿಗೆ ಇನ್ನೂ ಅರ್ಜಿ ಹಾಕಿ ಗೊತ್ತಿಲ್ಲ ಅಂತ ಕಾಣುತ್ತೆ.

ಆನೆ ವಿಚಾರದಲ್ಲಂತೂ ನಮ್ಮ ಕಡೆ ಯಾವುದು ನಿಜ, ಯಾವುದು ಕಟ್ಟಿದ್ದು ಅಂತ ಹೇಳೋದು ಕಷ್ಟವೇ. ಆಲೂರು, ಸಕಲೇಶಪುರ, ಬೇಲೂರು ಕಡೆ ಕೆಲವು ಆನೆಗಳ ಕುತ್ತಿಗೆಗೆ ರೇಡಿಯೋ ಕಾಲರ್ ಇದೆ. ಗುಂಪು ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಗೆ ಗೊತ್ತಾಗುತ್ತೆ, ವಾಟ್ಸಾಪ್ ಗುಂಪಿಗೆ ಸಂದೇಶ ಬರುತ್ತೆ. ಒಳ್ಳೆಯ ಕೆಲಸ. ರಾತ್ರಿ ಎಲ್ಲಾ ಆನೆ ಹಿಂದೆ ಓಡಾಡೋ ಸಿಬ್ಬಂದಿ ಬಗ್ಗೆ ಕೊನೆಯ ಪುಟದಲ್ಲಿ ಒಂದು ಸಾಲು ಲೇವಡಿಯೂ ಬಂದಿಲ್ಲ, ಹಳೇ ಸಂಚಿಕೆ ತೆಗೆದು ನೋಡಿ. ಆದರೆ ಸಂದೇಶ ತಲುಪೋಕೆ ತೋಟದಲ್ಲಿ ಸಿಗ್ನಲ್ ಬೇಕಲ್ವಾ? ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್ ಅನ್ನೋ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಇಸ್ರೋದವರು 1982ರಿಂದ ಕೂತು, ಸುಮಾರು 36,000 ಕಿ.ಮೀ. ಮೇಲಿರೋ ಉಪಗ್ರಹಗಳಿಗೆ ಹೀಗೆ ತಿರುಗು, ಹಾಗೆ ತಿರುಗು ಅಂತ ಹೇಳ್ತಿದ್ದಾರೆ. ಅವು ಕೇಳ್ತವೆ. ಅದೇ ಜಿಲ್ಲೆಯಲ್ಲಿ ಘಾಟಿ ಬದಿಯ ಊರಿನ ಹುಡುಗಿ ಪಿಯುಸಿ ರಿಸಲ್ಟ್ ನೋಡೋಕೆ ಗುಡ್ಡ ಹತ್ತಬೇಕು. ಈ ಎರಡು ಸಂಗತಿಯನ್ನು ಅಕ್ಕಪಕ್ಕ ಇಟ್ಟರೆ ಸಾಕು, ಕೊಂಕು ಅದಾಗಿಯೇ ಹುಟ್ಟುತ್ತೆ. ನಮ್ಮ ಹುಡುಗ ಅಲ್ಪವಿರಾಮ ಹಾಕಿದರೆ ಆಯ್ತು.

ಫೋನ್ ಅಂದಾಗ ನೆನಪಾಯ್ತು. 2025ರ ಜೂನ್‌ವರೆಗೆ ಕೆಲವು ತಿಂಗಳು, ಯಾರಿಗೆ ಫೋನ್ ಹಚ್ಚಿದರೂ ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಬೇಕಿತ್ತಲ್ಲ, ಆಗ ಸಕಲೇಶಪುರ ಕಡೆಯ ಓದುಗರೊಬ್ಬರು ನಮಗೆ ಕಾರ್ಡ್ ಬರೆದಿದ್ದರು. ಅಂಗಳದ ಬೇಲಿ ಆಚೆ ಒಂಟಿ ಸಲಗ. ಇವರು ಫಾರೆಸ್ಟ್ ಗಾರ್ಡಿಗೆ ಫೋನ್ ಮಾಡ್ತಾರೆ. ಆ ಕಡೆಯಿಂದ, ಅಪರಿಚಿತರ ಬಗ್ಗೆ ಹುಷಾರಾಗಿರಿ ಅನ್ನೋ ಧಾಟಿಯ ಉಪದೇಶ ಶುರು. "ಎದುರಿಗೆ ನಿಂತಿರೋನು ಅಪರಿಚಿತನೇ ಸ್ವಾಮಿ, ಒಟಿಪಿ ಮಾತ್ರ ಕೇಳ್ತಿಲ್ಲ" ಅಂತ ಬರೆದಿದ್ದರು. ಅದನ್ನು ಹಾಗೇ ಅಚ್ಚು ಹಾಕಿದೆವು. ಆಗ ನೀವು ಬೈದು ಬರೆಯಲಿಲ್ಲ ಮೇಷ್ಟ್ರೇ. ನಕ್ಕಿರಬೇಕು.

ಈಗ ನಿಮ್ಮ ಮುಖ್ಯ ಆಕ್ಷೇಪ. ಜನ ನಂಬಿಬಿಡ್ತಾರೆ ಅಂತ. ಜನರನ್ನು ಬಿಡಿ, ಯಂತ್ರವೂ ನಂಬುತ್ತೆ. 2024ರ ಮೇ ತಿಂಗಳಲ್ಲಿ ಗೂಗಲ್‌ನವರು ಹುಡುಕಾಟದ ಪುಟದ ಮೇಲೆ ಎಐ ಉತ್ತರ ಕೊಡೋಕೆ ಶುರು ಮಾಡಿದರು. ಪಿಜ್ಜಾ ಮೇಲಿನ ಚೀಸ್ ಜಾರುತ್ತೆ, ಏನು ಮಾಡಲಿ ಅಂತ ಕೇಳಿದವರಿಗೆ ಸಾಸಿಗೆ ಸ್ವಲ್ಪ ಗೋಂದು ಸೇರಿಸಿ ಅಂತ ಉತ್ತರ ಬಂತು. ಯಾರೋ ಪುಣ್ಯಾತ್ಮ 11 ವರ್ಷದ ಹಿಂದೆ ರೆಡಿಟ್ ಅನ್ನೋ ಇಂಟರ್ನೆಟ್ ಹರಟೆಕಟ್ಟೆಯಲ್ಲಿ ಸುಮ್ನೆ ಮಾಡಿದ್ದ ಜೋಕು ಅದು. ದಿನಕ್ಕೊಂದು ಸಣ್ಣ ಕಲ್ಲು ತಿನ್ನಿ ಅಂತಲೂ ಹೇಳಿತು. ಅದು ಬಂದಿದ್ದು ದಿ ಆನಿಯನ್ ಅನ್ನೋ ಅಮೆರಿಕದ ಅಣಕು ಪತ್ರಿಕೆಯಿಂದ. ಕೋಟಿ ಕೋಟಿ ಡಾಲರ್ ಸುರಿದು ಮಾಡಿದ ಬುದ್ಧಿವಂತ ಯಂತ್ರ ಒಂದು ಕೊನೆಯ ಪುಟ ಓದಿ ಪೂರ್ತಿ ನಂಬಿತು. ನಿಮ್ಮ ನೆರೆಯವರು ಸೈಬರ್ ಸೆಂಟರಿಗೆ ಹೋಗಿ ಕೇಳಿಯಾದರೂ ನೋಡಿದರು. ಯಂತ್ರ ಅದನ್ನೂ ಮಾಡಲಿಲ್ಲ.

ಕಾನೂನಿನವರಿಗೂ ಇದೇ ತಲೆನೋವು. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಿತ್ತು. ಸುಳ್ಳು ಸುದ್ದಿ ಹಬ್ಬಿಸಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಅದರಲ್ಲಿತ್ತು. ತಪ್ಪು ಮಾಹಿತಿಯ ವಿಷಯಕ್ಕೆ ಬಂದಾಗ ಅಣಕಕ್ಕೆ, ವಿಡಂಬನೆಗೆ ವಿನಾಯಿತಿ ಇತ್ತು. ಆದರೆ ಒಂದು ಷರತ್ತು: ಸಾಮಾನ್ಯ ವಿವೇಕ ಇರೋ ಮನುಷ್ಯ ಅದನ್ನು ನಿಜ ಅಂತ ತಿಳಿಯಬಾರದು. ಆ ಮನುಷ್ಯ ಎಲ್ಲಿ ಸಿಗ್ತಾನೆ ಅಂತ ಕರಡಿನಲ್ಲಿ ಬರೆದಿರಲಿಲ್ಲ. 2016ರ ನವೆಂಬರಿನಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಸಿಗ್ನಲ್ ಬರುತ್ತೆ ಅಂತ ಟೀವಿಯಲ್ಲಿ ಕೋಟು ತೊಟ್ಟು ಹೇಳಿದರು. ಅವತ್ತು ಎಷ್ಟು ಜನ ವಿವೇಕಿಗಳು ನೋಟನ್ನು ಬೆಳಕಿಗೆ ಹಿಡಿದು ಚಿಪ್ ಹುಡುಕಿದರು ನೆನಪಿದೆಯಾ? 2023ರ ಮೇನಲ್ಲಿ ಆ ನೋಟನ್ನೇ ವಾಪಸ್ ಪಡೆಯೋ ಘೋಷಣೆ ಬಂತು. ಚಿಪ್ಪಿನ ಸುದ್ದಿಯನ್ನು ಮಾತ್ರ ಯಾರೂ ಅಷ್ಟೇ ಜೋರಾಗಿ ವಾಪಸ್ ಪಡೆಯಲಿಲ್ಲ.

ಈ ಚಿಪ್ಪಿನ ಕಥೆಗೂ ನಮ್ಮ ಆನೆ ಕಥೆಗೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ಹೇಳ್ತೀನಿ. ನಮ್ಮ ಕಚೇರಿಯಲ್ಲಿ ಕೊನೆಯ ಪುಟಕ್ಕೆ ಒಂದು ಕಟ್ಟಳೆ ಇದೆ. ಬರಹದಲ್ಲಿ ಸುಳ್ಳು ಒಂದೇ ಇರಬೇಕು. ಅದು ಆನೆ ಗಾತ್ರದ್ದಿರಬೇಕು. ಉಳಿದದ್ದೆಲ್ಲ ಮೊದಲ ಪುಟದ ಸುದ್ದಿಗಿಂತ ಗಟ್ಟಿ ಇರಬೇಕು. ಆ ಬರಹವನ್ನೇ ಮತ್ತೆ ನೋಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾಳಾದ ಬೆಳೆಯ ಫೋಟೋ, ಇಷ್ಟೂ ಪರಿಹಾರದ ಅರ್ಜಿಗೆ ನಿಜವಾಗಿ ಕೇಳೋವು. ಸೊಂಡಿಲಿನ ಅಚ್ಚು ಮಾತ್ರ ನಮ್ಮದು. ವದಂತಿ ಕಟ್ಟೋನು ಇದಕ್ಕೆ ಉಲ್ಟಾ ಮಾಡ್ತಾನೆ. ಸಣ್ಣ ಸಣ್ಣ ಸುಳ್ಳು ಹತ್ತು ಸೇರಿಸ್ತಾನೆ, ಪ್ರತಿಯೊಂದಕ್ಕೂ ಒಂದು ಅಂಕಿ ಅಂಟಿಸ್ತಾನೆ. 120 ಮೀಟರ್ ಅಂದ ತಕ್ಷಣ ಯಾರೋ ಟೇಪು ಹಿಡಿದು ಅಳೆದಿರಬೇಕು ಅನ್ನಿಸುತ್ತೆ. ಕೊಂಕು ಆಡೋನಿಗೆ ತನ್ನ ಸುಳ್ಳು ಎಲ್ಲರಿಗೂ ಕಾಣಬೇಕು, ವದಂತಿಯವನಿಗೆ ಯಾರಿಗೂ ಕಾಣಬಾರದು. ನಮ್ಮ ಕಷ್ಟ ಏನಂದ್ರೆ, ಈಚೆಗೆ ಸುದ್ದಿಯೇ ಆನೆಗಿಂತ ದೊಡ್ಡದಾಗಿದೆ. ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮ ಆನೆ ಕಾಣೋದೇ ಇಲ್ಲ.

ಕೆಲವು ಸಲ ಆ ಒಂದು ಸುಳ್ಳೂ ಬೇಕಾಗಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿಗೆ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಕೂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಲ್ಲಿ ಬರೆದು ಕೊಟ್ಟರು. ನೀವು ಮೂವತ್ತು ಮಕ್ಕಳ ಕೈಹಿಡಿದು ಕಾಪಿ ಬರೆಸಿದ ಮೇಷ್ಟ್ರು, ಆ ಚೀಟಿ ನೋಡಿ ನಿಮಗೆ ಏನನ್ನಿಸಿತೋ. ಅದೇ ವಾರ ಬೆಂಗಳೂರಿನಲ್ಲಿ ಇನ್ನೊಂದು. ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು ಕೊಡೋ ಮಸೂದೆಗೆ ಸಂಪುಟ ಒಪ್ಪಿಗೆ ಕೊಡ್ತು, ಮುಖ್ಯಮಂತ್ರಿಗಳು ಪೋಸ್ಟ್ ಹಾಕಿದರು, ಪೋಸ್ಟ್ ಅಳಿಸಿದರು, ಉದ್ಯಮದವರು ಗಲಾಟೆ ಎಬ್ಬಿಸಿದರು, ಒಪ್ಪಿದ ಎರಡೇ ದಿನಕ್ಕೆ ಮಸೂದೆಗೆ ತಡೆ ಬಿತ್ತು. ನಮ್ಮ ಹುಡುಗ ಬರೆದದ್ದು ಇಷ್ಟೇ: ‘ಸರ್ಕಾರಿ ಕಡತ ಇಷ್ಟು ಜೋರಾಗಿ ಓಡಿದ್ದು ಇದೇ ಮೊದಲು, ಹಿಂದಕ್ಕೆ.’ ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ.

ನೀವು ಒಂದೇ ಪಾರ್ಟಿಯವರ ಕಾಲೆಳೀತೀರಿ ಅಂತಲೂ ಬರೆದಿದ್ದೀರಿ. ಯಾವ ಪಾರ್ಟಿ ಅಂತ ಬರೆದಿಲ್ಲ. ಹೋದ ತಿಂಗಳು ಇದೇ ಮಾತನ್ನು ಮೂರು ಪಾರ್ಟಿಯವರೂ ಬಂದು ಹೇಳಿ ಹೋದರು, ಕಾಫಿಯನ್ನೂ ಕುಡಿದರು.

ಆದರೆ ರಾಜಕೀಯದ ಲೇವಡಿಯಲ್ಲಿ ಕೀಳು, ಮೇಲು ಇದೆ ಅನ್ನೋದನ್ನು ಒಪ್ತೀನಿ. ನಮ್ಮ ಜಿಲ್ಲೆಯವರಿಗೆ ಇದು ಚೆನ್ನಾಗಿ ಗೊತ್ತು. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ದಿಲ್ಲಿಯ ಪತ್ರಿಕೆಗಳಿಗೆ ಸಿಕ್ಕಿದ್ದು ಅವರ ನಿದ್ದೆ ಮತ್ತು ರಾಗಿಮುದ್ದೆ. ಸಭೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಮರುದಿನ ಫೋಟೋ. ಅದೇ ಗೌಡರು 1997ರ ಜನವರಿಯಲ್ಲಿ ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಗೆ ಬೋಗಿಬೀಲ್ ಸೇತುವೆಯ ಅಡಿಗಲ್ಲು ಹಾಕಿದರು. ಉದ್ಘಾಟನೆ ಆಗಿದ್ದು 2018ರ ಡಿಸೆಂಬರ್ 25ಕ್ಕೆ. ತಮಗೆ ಕರೆಯೇ ಬಂದಿಲ್ಲ ಅಂತ ಆಗ ಗೌಡರೇ ಹೇಳಿದ್ದರು. ಮಧ್ಯದ 21 ವರ್ಷ ಮಲಗಿದ್ದವರು ಯಾರು? ಆ ಫೋಟೋ ಯಾರೂ ತೆಗೆಯಲಿಲ್ಲ. ಕೊಂಕು ಆಡಬೇಕಾಗಿದ್ದು ಅಲ್ಲಿ. ಹೊಟ್ಟೆಗೆ ಏನು ತಿಂತಾನೆ, ಹೇಗೆ ಇಂಗ್ಲಿಷ್ ಮಾತಾಡ್ತಾನೆ ಅನ್ನೋದರ ಮೇಲೆ ನಗೋದಕ್ಕೆ ತಲೆ ಬೇಕಾಗಿಲ್ಲ.

ಪಕ್ಕದ ಚಿಕ್ಕಮಗಳೂರಿನವರ ಪಾಡು ಇನ್ನೊಂದು ಥರ. 1978ರ ಉಪಚುನಾವಣೆಗೆ ಇಂದಿರಾ ಗಾಂಧಿ ಬಂದು ನಿಂತಾಗ, ಒಬ್ಬಳು ಸಿಂಹಿಣಿ, ನೂರು ಮುಸಿಯ (ಲಂಗೂರ್ ಕೋತಿ) ಅನ್ನೋ ಅರ್ಥದ ಹಿಂದಿ ಘೋಷಣೆ ಊರ ಹೆಸರಿನ ಪ್ರಾಸ ಸೇರಿಸಿಕೊಂಡು ದೇಶವೆಲ್ಲ ಸುತ್ತಿತು. ಎದುರು ನಿಂತ ವೀರೇಂದ್ರ ಪಾಟೀಲರು ಸೋತರು. ಗೆದ್ದ ಇಂದಿರಾ ಅವರನ್ನು ಮರುತಿಂಗಳೇ ಲೋಕಸಭೆಯಿಂದ ಹೊರಹಾಕಿದರು. ಊರಿಗೆ ಉಳಿದದ್ದು ಪ್ರಾಸ. ಮುಸಿಯಗಳ ಅಭಿಪ್ರಾಯ ಯಾರೂ ಕೇಳಲಿಲ್ಲ, ಅವು ಈಗಲೂ ಏಲಕ್ಕಿಗೆ ಬರ್ತವೆ.

ಇನ್ನು, ಆಡಿಕೊಳ್ಳೋದು ಸುಲಭ ಅನ್ನೋ ಮಾತು. ಸುಲಭ ಆಗಿದ್ದರೆ ನಮ್ಮ ಹುಡುಗನ ಬರಹ ವಾರಕ್ಕೆ ಮೂರು ನನ್ನ ಬುಟ್ಟಿಗೆ ಬೀಳ್ತಿರಲಿಲ್ಲ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ನಿವೃತ್ತರ ಉಳಿತಾಯ ದೋಚೋ ಸುದ್ದಿ ಬರ್ತಾನೇ ಇದೆಯಲ್ಲ, ಅದರ ಮೇಲೆ ಅವನು ಒಂದು ಬರೆದಿದ್ದ. ಇಷ್ಟು ಓದಿದವರು ಹೇಗೆ ನಂಬಿದರು ಅಂತ. ಓದೋಕೆ ಮಜವಾಗಿತ್ತು. ಹಾಕಲಿಲ್ಲ. ಎರಡು ದಿನ ವಿಡಿಯೋ ಕಾಲಿನ ಎದುರು ಮನೆಬಾಗಿಲು ಹಾಕಿಕೊಂಡು ಕೂತು, ಪೊಲೀಸ್ ಟೋಪಿ ತೊಟ್ಟವನಿಗೆ ‘ಸಾರ್, ಸಾರ್’ ಅಂದವರ ಮೇಲೆ ಏನು ಕೊಂಕು? ಅವನು ವಾಪಸ್ ತಗೊಂಡು ಹೋಗಿ, ಮೂರು ಸಾಲಿಗೆ ಇಳಿಸಿ ತಂದ: ರೈತನ ಭತ್ತಕ್ಕೆ, ಅಜ್ಜಿಯ ಅಕ್ಕಿಗೆ, ಒಲೆಯ ಗ್ಯಾಸಿಗೆ ಕೆವೈಸಿ ಕೇಳೋ ದೇಶದಲ್ಲಿ ಆ ಕಳ್ಳನಿಗೆ ಸಿಮ್ ಕೊಟ್ಟವರು ಏನು ಕೇಳಿದರು? ಅದು ಅಚ್ಚಾಯ್ತು. ಕೆಳಗೆ 1930 ಸಹಾಯವಾಣಿಯ ನಂಬರನ್ನೂ ಹಾಕಿದೆವು. ದಾರಿ ತೋರಿಸೋದು ಅಂದರೆ ನಮ್ಮ ಕೈಲಿ ಆಗೋದು ಅಷ್ಟು.

‘ಇದು ತಮಾಷೆಗೆ’ ಅನ್ನೋ ಹಣೆಪಟ್ಟಿ ಹಾಕಲ್ಲ ಮೇಷ್ಟ್ರೇ. ಕೊನೆಯ ಪುಟಕ್ಕೆ ಅದನ್ನು ಹಾಕಿದರೆ ಉಳಿದ ಪುಟಗಳೆಲ್ಲ ನಿಜ ಅಂತ ಅರ್ಥ ಬರುತ್ತೆ. ಮಂತ್ರಿಗಳ ಹೇಳಿಕೆ ಇರೋ ಮೂರನೇ ಪುಟಕ್ಕೆ ಅಷ್ಟು ದೊಡ್ಡ ಗ್ಯಾರಂಟಿ ಕೊಡೋಕೆ ನನ್ನಿಂದ ಆಗಲ್ಲ. ಬದಲಿಗೆ, ಮುಂದಿನ ಸಂಚಿಕೆಯಿಂದ ಪುಟದ ಬುಡದಲ್ಲಿ ಎರಡು ಸಾಲು ಇರುತ್ತೆ: ಈ ಬರಹ ಹುಟ್ಟಿದ್ದು ಯಾವ ಸುದ್ದಿಯಿಂದ, ಆ ಸುದ್ದಿ ಬಂದಿದ್ದು ಯಾವ ದಿನ ಅಂತ. ಸೈಬರ್ ಸೆಂಟರಿಗೆ ಹೊರಟವರು ಅಷ್ಟು ಓದಿಕೊಂಡು ಹೊರಡಲಿ.

ನಿಮ್ಮ ಪತ್ರದ ಕೊನೆಗೆ, ಸಹಿಯ ಕೆಳಗೆ, ಸಕಲೇಶಪುರದ ಹತ್ತಿರ ಹೆದ್ದಾರಿಯಲ್ಲಿ ಬಸ್ಸು ತಡವಾದ ಸಿಟ್ಟಿನಲ್ಲಿ ಒಂದು ಸಾಲು ಸೇರಿಸಿದ್ದೀರಿ: "ದೋಣಿಗಾಲ್ ಹತ್ತಿರ ಗುಡ್ಡವೇ ರಸ್ತೆಗೆ ಇಳಿದು ಬಂದಿದೆ, ಪಾಪ, ಕಾಮಗಾರಿ ಎಲ್ಲಿವರೆಗೆ ಬಂತು ಅಂತ ನೋಡೋಕೆ." ಇದನ್ನು ಕೊನೆಯ ಪುಟದ ತಲೆಗೇ ಹಾಕೋಣ ಅಂತಿದ್ದೀವಿ. ಗೌರವಧನ 150 ರೂಪಾಯಿ, ಮನಿಯಾರ್ಡರ್‌ನಲ್ಲಿ ಬೇಕಾ, ಖಾತೆಗೆ ಹಾಕಬೇಕಾ, ಹೆಸರು ಹಾಕಬಹುದಾ, ಒಂದು ಕಾರ್ಡ್ ಬರೆದು ತಿಳಿಸಿ. ಹುಡುಗ ಕಾಯ್ತಿದ್ದಾನೆ.

- ಸಂಪಾದಕ