‘ಮರುಳು’ ಎಂದರೆ ಹುಚ್ಚೇ?

ಪ್ರಶ್ನೆ: ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆ ಕೆಲವೆಡೆ ‘ಮರಳೋ’ ಎಂದು ಅಚ್ಚಾಗಿರುತ್ತದೆ. ಯಾವುದು ಸರಿ? ‘ಮರುಳು’ ಎಂದರೆ ಹುಚ್ಚು ಎಂದಾದರೆ ಮರುಳಸಿದ್ಧ ಎಂಬಂಥ ಹೆಸರುಗಳು ಹೇಗೆ ಬಂದವು? ಮನೋರೋಗಿಗಳನ್ನು ಕುರಿತು ಈ ಪದವನ್ನು ಬಳಸಬಹುದೇ?

ಉತ್ತರ: ‘ಮರುಳೋ’ ಎಂಬುದೇ ಸರಿ. ‘ಮರಳು’ ಎಂದರೆ ಹಿಂದಿರುಗು, ಇಲ್ಲವೇ ಉಸುಕು. ಒಂದು ಉಕಾರ ಬಿಟ್ಟುಹೋದರೆ ಗಾದೆಗೆ ಅರ್ಥವೇ ಉಳಿಯುವುದಿಲ್ಲ.

ಹಳಗನ್ನಡದ ‘ಮರುಳ್’ ಎಂಬ ಪದಕ್ಕೆ ಪಿಶಾಚಿ ಎಂಬ ಅರ್ಥವೂ ಬುದ್ಧಿಭ್ರಮೆ ಎಂಬ ಅರ್ಥವೂ ಇದ್ದವು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಹೆಣಗಳ ನಡುವೆ ರಣರಂಗವನ್ನು ಹಾದುಹೋಗುವಾಗ ಎದುರಾಗುವ ಮರುಳುಗಳು ರಣಪಿಶಾಚಿಗಳೇ. ಬುದ್ಧಿ ಕೆಟ್ಟವನಿಗೆ ದೆವ್ವ ಹಿಡಿದಿದೆಯೆಂದು ನಂಬಿದ್ದ ಕಾಲದಲ್ಲಿ, ಹಿಡಿಯುವ ಭೂತಕ್ಕೂ ಅದು ಹಿಡಿದವನ ಸ್ಥಿತಿಗೂ ಒಂದೇ ಹೆಸರು ಸಂದದ್ದು ಅಚ್ಚರಿಯಲ್ಲ.

ಶರಣರ ಪರಂಪರೆಯಲ್ಲಿ ಈ ಪದಕ್ಕೆ ದೊಡ್ಡ ಘನತೆ ಬಂದಿತು. ಲೋಕದ ಲೆಕ್ಕಾಚಾರ ಬಿಟ್ಟು ದೇವರಲ್ಲಿ ಮೈಮರೆತವನೇ ಅಲ್ಲಿ ಮರುಳ. ಕಲ್ಯಾಣದಲ್ಲಿ ಯಾರ ಗಮನಕ್ಕೂ ಬಾರದೆ ಮರುಳನಂತೆ ಬದುಕಿದ್ದ ಮರುಳಶಂಕರದೇವನ ನಿಜವಾದ ನೆಲೆಯನ್ನು ಅಲ್ಲಮಪ್ರಭು ಗುರುತಿಸಿದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಮರುಳಸಿದ್ಧ, ಮರುಳಾರಾಧ್ಯ ಎಂಬ ಹೆಸರುಗಳನ್ನೂ ಈ ಗೌರವದ ಅರ್ಥದಲ್ಲೇ ತಿಳಿಯಬೇಕು.

ಇಂದಿನ ಬರಹದಲ್ಲಿ ರೋಗದ ಅರ್ಥವನ್ನು ‘ಹುಚ್ಚು’ ಎಂಬ ಪದವೇ ಬಹುಮಟ್ಟಿಗೆ ವಹಿಸಿಕೊಂಡಿದ್ದು, ‘ಮರುಳು’ ಎಂಬುದಕ್ಕೆ ಸೆಳೆತ, ಮೋಸ ಎಂಬ ಅರ್ಥಗಳು ಉಳಿದಿವೆ. ಚೆಲುವಿಗೆ ಮರುಳಾಗುತ್ತೇವೆ, ಸವಿಮಾತಿನಿಂದ ಮರುಳು ಮಾಡುತ್ತಾರೆ. ಆದರೆ ತುಳುವಿನ ‘ಮರ್ಲ್’ ಈಗಲೂ ನೇರವಾಗಿ ಹುಚ್ಚೇ. ಇನ್ನು, ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತಿನಲ್ಲಿರುವುದೂ ಇದೇ ಮರುಳು. ‘ಅರುಳು ಮರುಳು’ ಎಂಬ ರೂಪವೂ ಉಂಟು. ಅದನ್ನು ‘ಮರಳಿ ಅರಳುವುದು’ ಎಂದು ಬಿಡಿಸುವುದು ಸೊಗಸಾದ ಕಲ್ಪನೆಯೇ ಹೊರತು ಪದದ ಮೂಲವಲ್ಲ.

ಮನೋರೋಗಿಗಳ ವಿಷಯದಲ್ಲಿ ‘ಮರುಳ’, ‘ಹುಚ್ಚ’ ಎಂಬ ಎರಡೂ ಪದಗಳು ಸಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಹೆಸರಿನಲ್ಲೇ ‘ಲೂನಸಿ’ (ಹುಚ್ಚು) ಎಂಬ ಇಂಗ್ಲಿಷ್ ಪದವನ್ನು ಹೊತ್ತಿದ್ದ 1912ರ ಕಾಯ್ದೆಯ ಬದಲಿಗೆ 1987ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ ರೂಪುಗೊಂಡಿತು. 2017ರ ಕಾಯ್ದೆಯೂ ‘ಮಾನಸಿಕ ಅಸ್ವಸ್ಥತೆ’ ಎಂದೇ ಹೇಳುತ್ತದೆ. ಕಾನೂನೇ ಕೈಬಿಟ್ಟ ಹೀನಾಯದ ಧಾಟಿಯನ್ನು ನಾವು ಬರಹದಲ್ಲಿ ಉಳಿಸಿಕೊಳ್ಳಬಾರದು. ‘ಮಾನಸಿಕ ಅಸ್ವಸ್ಥತೆ ಇರುವವರು’ ಎಂದು ಬರೆದರೆ ಸಾಕು.