ಫೆರೋ ದ್ವೀಪಗಳು: ಡೆನ್ಮಾರ್ಕಿನ ಒಳಗೆ, ಯುರೋಪಿಯನ್ ಒಕ್ಕೂಟದ ಹೊರಗೆ

ಮಾನ್ಯ ಓದುಗರೇ,

‘ಫೆರೋ ದ್ವೀಪಗಳು ಡೆನ್ಮಾರ್ಕಿಗೆ ಸೇರಿವೆ ಎಂದ ಮೇಲೆ ಯುರೋಪಿಯನ್ ಒಕ್ಕೂಟದಿಂದ ಹೊರಗಿರುವುದು ಹೇಗೆ? ಹೆಸರೊಂದನ್ನು ಬಿಟ್ಟರೆ ಅದು ಸ್ವತಂತ್ರ ದೇಶವೇ ಅಲ್ಲವೇ?’ ಎಂದು ಕೇಳಿದ್ದೀರಿ. ಡೆನ್ಮಾರ್ಕಿನಲ್ಲಿ ಓದುತ್ತಿರುವ ನಿಮ್ಮ ಮಗ ಅಲ್ಲಿಗೆ ಪ್ರವಾಸ ಹೋಗಬಹುದೇ ಎಂದೂ ವಿಚಾರಿಸಿದ್ದೀರಿ.

1940ರ ಏಪ್ರಿಲ್‌ನಲ್ಲಿ ಜರ್ಮನಿಯು ಡೆನ್ಮಾರ್ಕನ್ನು ಆಕ್ರಮಿಸಿದೊಡನೆ ಬ್ರಿಟಿಷ್ ಪಡೆಗಳು ಈ ದ್ವೀಪಗಳಲ್ಲಿ ಬಂದಿಳಿದವು. ಯುದ್ಧ ಮುಗಿಯುವವರೆಗೂ ಕೋಪನ್‌ಹೇಗನ್ನಿನ ಸಂಪರ್ಕ ಕಡಿದುಹೋಗಿದ್ದರಿಂದ ದ್ವೀಪದವರು ತಮ್ಮ ಆಡಳಿತವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಂಡರು. ಆ ಬಳಿಕ ಹಳೆಯ ಏರ್ಪಾಡಿಗೆ ಮರಳುವುದು ಕಷ್ಟವಾಯಿತು. 1946ರ ಜನಮತಗಣನೆಯಲ್ಲಿ ಸ್ವಾತಂತ್ರ್ಯದ ಪರವಾಗಿ ಕೂದಲೆಳೆಯ ಬಹುಮತ ಬಂದಾಗ, ದೊರೆ ಹತ್ತನೇ ಕ್ರಿಶ್ಚಿಯನ್ ಅಲ್ಲಿನ ಸಂಸತ್ತನ್ನೇ ವಿಸರ್ಜಿಸಿದರು. ಹೊಸ ಚುನಾವಣೆಯಲ್ಲಿ ಡೆನ್ಮಾರ್ಕಿನೊಡನೆ ಉಳಿಯಬೇಕೆನ್ನುವವರ ಕೈ ಮೇಲಾಯಿತು. ಈ ಎಳೆದಾಟದಿಂದ ಹುಟ್ಟಿದ ರಾಜಿಯೇ 1948ರ ಸ್ವಯಮಾಡಳಿತ ಕಾಯ್ದೆ.

ತೆರಿಗೆ, ಮೀನುಗಾರಿಕೆ, ಶಿಕ್ಷಣ ಮೊದಲಾದವುಗಳಿಗೆ ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿರುವ 33 ಸದಸ್ಯರ ಸಂಸತ್ತು ಕಾನೂನು ಮಾಡುತ್ತದೆ. ಪೌರತ್ವ, ರಕ್ಷಣೆ, ವಿದೇಶಾಂಗ ನೀತಿ, ಸರ್ವೋಚ್ಚ ನ್ಯಾಯಾಲಯಗಳು ಡೆನ್ಮಾರ್ಕಿನ ಕೈಯಲ್ಲಿವೆ. ಅಲ್ಲಿನ ಸಂಸತ್ತಿಗೆ ದ್ವೀಪಗಳಿಂದ ಇಬ್ಬರು ಆಯ್ಕೆಯಾಗುತ್ತಾರೆ.

1973ರಲ್ಲಿ ಡೆನ್ಮಾರ್ಕ್ ಯುರೋಪಿಯನ್ ಸಮುದಾಯವನ್ನು ಸೇರಿದಾಗ ದ್ವೀಪಗಳು ಹೊರಗುಳಿದದ್ದಕ್ಕೆ ಮುಖ್ಯ ಕಾರಣ ಮೀನು. ಸರಕು ರಫ್ತಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಮೀನೇ ಆಗಿರುವಾಗ ತಮ್ಮ ಕಡಲಿನ ಹಕ್ಕನ್ನು ಯಾರು ತಾನೇ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಒಪ್ಪಿಸುತ್ತಾರೆ? ಇದರ ವಿಚಿತ್ರ ಫಲ ಕಂಡದ್ದು 2013ರಲ್ಲಿ. ಫೆರೋ ಸರ್ಕಾರವು ಹೆರಿಂಗ್ ಮೀನಿನ ಪಾಲನ್ನು ತಾನೇ ಹೆಚ್ಚಿಸಿಕೊಂಡಿತೆಂದು ಆಕ್ಷೇಪಿಸಿದ ಯುರೋಪಿಯನ್ ಒಕ್ಕೂಟ, ಅವರು ಹಿಡಿದ ಹೆರಿಂಗ್ ಮತ್ತು ನಮ್ಮ ಬಂಗುಡೆಯ ಬಳಗದ ಮ್ಯಾಕೆರೆಲ್‌ಗಳ ಆಮದನ್ನು ನಿರ್ಬಂಧಿಸಿತು. ಒಕ್ಕೂಟದ ಸದಸ್ಯನಾಗಿ ಆ ನಿರ್ಬಂಧವನ್ನು ಜಾರಿಗೆ ತರಬೇಕಾಗಿದ್ದ ಡೆನ್ಮಾರ್ಕೇ, ದ್ವೀಪಗಳ ಪರವಾಗಿ ಒಕ್ಕೂಟದ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಹೂಡಿತು! 2014ರಲ್ಲಿ ವ್ಯಾಜ್ಯ ರಾಜಿಯಾಯಿತು.

ತಮ್ಮ ಜೀವನಾಧಾರದ ವ್ಯಾಜ್ಯದಲ್ಲೂ ಸ್ವಂತ ಹೆಸರಿನಲ್ಲಿ ದೂರು ಕೊಡಲಾಗದೆ ಡೆನ್ಮಾರ್ಕನ್ನು ಮುಂದಿಡಬೇಕಾದವರನ್ನು ‘ಹೆಸರೊಂದನ್ನು ಬಿಟ್ಟರೆ ಸ್ವತಂತ್ರರು’ ಎನ್ನಲು ನನಗೆ ಮನಸ್ಸೊಪ್ಪದು. ಡೆನ್ಮಾರ್ಕಿನ ಖಜಾನೆಯಿಂದ ಪ್ರತಿ ವರ್ಷ ಬರುವ ಅನುದಾನವೂ ಇನ್ನೂ ನಿಂತಿಲ್ಲ. ಆದರೆ ‘ಪ್ರಾಂತ್ಯ’ ಎಂಬ ಮಾತೂ ಅಷ್ಟೇ ತಪ್ಪು: ತನ್ನ ಮೀನನ್ನು ಯಾರಿಗೆ ಮಾರಬೇಕೆಂಬ ಒಪ್ಪಂದವನ್ನು ಯಾವ ಪ್ರಾಂತ್ಯವೂ ತಾನೇ ಕುದುರಿಸಿಕೊಳ್ಳುವುದಿಲ್ಲ.

ಇನ್ನು ನಿಮ್ಮ ಮಗನ ಪ್ರವಾಸದ ವಿಚಾರ. ಒಂದೇ ವೀಸಾದಲ್ಲಿ ಸುತ್ತಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯಕ್ಕೆ ದ್ವೀಪಗಳು ಸೇರಿಲ್ಲ. ಭಾರತೀಯರಿಗೆ ಸಾಮಾನ್ಯ ಷೆಂಗೆನ್ ವೀಸಾ ಅಲ್ಲಿ ಸಾಲದು. ಫೆರೋ ದ್ವೀಪಗಳಿಗೂ ಅನ್ವಯಿಸುತ್ತದೆ ಎಂಬ ನಮೂದು ಅದರಲ್ಲಿರಬೇಕು. ಅವರ ಬಳಿ ಇರುವುದು ವಿದ್ಯಾರ್ಥಿ ನಿವಾಸ ಪರವಾನಗಿಯಾದ್ದರಿಂದ, ಟಿಕೆಟ್ ಕಾಯ್ದಿರಿಸುವ ಮೊದಲು ಡೆನ್ಮಾರ್ಕಿನ ವಲಸೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಲಿ.

— ಸಂಪಾದಕ