ವರ್ಡ್‌ಪ್ರೆಸ್‌ಗೆ ದುಡ್ಡು ಕೊಟ್ಟು ಕೊಳ್ಳುವಂಥ ಪ್ಲಗಿನ್ ಯಾವುವು?

ನಿಮ್ಮದು ಖಾನಾವಳಿಯ ಸೈಟು, ಶೇರ್ಡ್ ಹೋಸ್ಟಿಂಗ್ (ಹಲವು ಸೈಟುಗಳು ಹಂಚಿಕೊಳ್ಳುವ ಸರ್ವರ್), ಪುಟಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಯಾರೋ ಎಂಟು ಪೇಯ್ಡ್ ಪ್ಲಗಿನ್‌ಗಳ (ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಸಾಫ್ಟ್‌ವೇರ್) ಪಟ್ಟಿ ಕೊಟ್ಟಿದ್ದಾರೆ, ಇದರಲ್ಲಿ ಯಾವುದು ಬೇಕು ಅಂತ ನಿಮ್ಮ ಪ್ರಶ್ನೆ. ನನ್ನ ಉತ್ತರ: ಒಂದು ಕೊಳ್ಳಿ, ಇನ್ನೊಂದರ ಬಗ್ಗೆ ಯೋಚಿಸಿ, ಉಳಿದ ಆರನ್ನು ಬಿಡಿ.

ಕೊಳ್ಳಬೇಕಾದದ್ದು ಕ್ಯಾಶ್ ಪ್ಲಗಿನ್, ಅಂದರೆ ಪುಟಗಳ ಸಿದ್ಧ ಪ್ರತಿ ಇಟ್ಟುಕೊಂಡು ಸೈಟು ಬೇಗ ತೆರೆಯುವಂತೆ ಮಾಡುವುದು. ಆದರೆ ಅದಕ್ಕೂ ಮೊದಲು ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ, ಸರ್ವರ್ ಸಾಫ್ಟ್‌ವೇರ್ ಯಾವುದು ಅಂತ ಕೇಳಿ. ಲೈಟ್‌ಸ್ಪೀಡ್ ಅಂತ ಹೇಳಿದರೆ, ಲೈಟ್‌ಸ್ಪೀಡ್ ಕ್ಯಾಶ್ ಪ್ಲಗಿನ್ ಪುಕ್ಕಟೆ ಸಿಗುತ್ತೆ, ಸರ್ವರ್ ಮಟ್ಟದಲ್ಲೇ ಕೆಲಸ ಮಾಡುತ್ತೆ. ಕೊಳ್ಳುವ ಮಾತೇ ಇಲ್ಲ. ಅಪಾಚೆ ಅಂತ ಹೇಳಿದರೆ ಡಬ್ಲ್ಯೂಪಿ ರಾಕೆಟ್ ತಗೊಳ್ಳಿ. ಅದಕ್ಕೆ ಉಚಿತ ಆವೃತ್ತಿ ಇಲ್ಲ. ಆ್ಯಕ್ಟಿವೇಟ್ ಮಾಡಿದ ಕೂಡಲೇ ಪೇಜ್ ಕ್ಯಾಶ್ ಶುರುವಾಗುತ್ತೆ. ಹಳೆಯ ಕ್ಯಾಶ್ ಪ್ಲಗಿನ್ ಇದ್ದರೆ ಮೊದಲೇ ಕಿತ್ತುಹಾಕಿ: ವರ್ಡ್‌ಪ್ರೆಸ್ ಓದುವ ಕ್ಯಾಶ್ ಫೈಲ್ ಒಂದೇ, ಎರಡು ಪ್ಲಗಿನ್ ಅದಕ್ಕಾಗಿ ಕಿತ್ತಾಡುತ್ತವೆ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸೆಟ್ಟಿಂಗ್ಸ್ ತೆರೆದು ಇರೋ ಬರೋ ಟಿಕ್ ಎಲ್ಲ ಹಾಕಿಬಿಡುತ್ತಾರೆ. ಒಂದೊಂದೇ ಹಾಕಿ, ಪ್ರತಿ ಸಲ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಿ. ಲಾಗಿನ್ ಆಗಿರುವವರಿಗೆ ರಾಕೆಟ್ ಸಾಮಾನ್ಯವಾಗಿ ಕ್ಯಾಶ್ ಮಾಡಿದ ಪುಟ ತೋರಿಸುವುದಿಲ್ಲ, ಹಾಗಾಗಿ ಅಡ್ಮಿನ್ ಆಗಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತೆ. ಚಿತ್ರಗಳ ಲೇಜಿಲೋಡ್ (ಕೆಳಗೆ ಸರಿಸಿದಾಗಷ್ಟೇ ಚಿತ್ರ ತರುವುದು) ಮೊದಲು, ಬಳಸದ ಸಿಎಸ್‌ಎಸ್ (ಪುಟದ ವಿನ್ಯಾಸದ ಕೋಡ್) ತೆಗೆಯುವುದು ಆಮೇಲೆ, ಜಾವಾಸ್ಕ್ರಿಪ್ಟ್ ತಡಮಾಡುವ ಡಿಲೇ ಆಯ್ಕೆ ಕಟ್ಟಕಡೆಗೆ. ಈ ಡಿಲೇ ಹಾಕಿದರೆ, ನೋಡುವವರು ಪರದೆ ಮುಟ್ಟುವ ತನಕ ಯಾವ ಸ್ಕ್ರಿಪ್ಟೂ ಓಡುವುದಿಲ್ಲ. ಸೈಟಿನ ವೇಗ ಅಳೆಯುವ ಪರೀಕ್ಷೆಯಲ್ಲಿ ಅಂಕ ಜಿಗಿಯುವುದು ಅದಕ್ಕೇ. ಮೇಲಿನ ಸ್ಲೈಡರ್ ಖಾಲಿ ಕಾಣುವುದೂ ಮೊಬೈಲ್‌ನ ಮೂರು ಗೆರೆಯ ಮೆನು ಒಂದನೇ ಒತ್ತಿಗೆ ತೆರೆಯದಿರುವುದೂ ಅದಕ್ಕೇ. ಪರಿಹಾರ: ಮೆನುವಿನ ಸ್ಕ್ರಿಪ್ಟ್ ಫೈಲಿನ ಹೆಸರನ್ನು ಕೆಳಗಿನ ಎಕ್ಸ್‌ಕ್ಲೂಡ್ ಬಾಕ್ಸಿಗೆ ಹಾಕಿ. ಆ ಸ್ಕ್ರಿಪ್ಟ್ ಜೆಕ್ವೆರಿ (ಹಲವು ಥೀಮ್‌ಗಳು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಮೇಲೆ ನಿಂತಿದ್ದರೆ ಜೆಕ್ವೆರಿಯನ್ನೂ ಹಾಕಬೇಕು, ಇಲ್ಲದಿದ್ದರೆ ಬ್ರೌಸರ್ ಕನ್ಸೋಲ್‌ನಲ್ಲಿ ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’ ಅಂತ ಕೆಂಪಕ್ಷರ ಬರುತ್ತೆ. ಇನ್ನೊಂದು ಮಾತು, ಬಳಸದ ಸಿಎಸ್‌ಎಸ್ ತೆಗೆಯುವ ಕೆಲಸ ನಡೆಯುವುದು ರಾಕೆಟ್ ಕಂಪನಿಯವರ ಸರ್ವರ್‌ನಲ್ಲಿ. ಲೈಸೆನ್ಸ್ ಮುಗಿದರೆ ಕ್ಯಾಶ್ ಉಳಿಯುತ್ತೆ, ಇದು ನಿಲ್ಲುತ್ತೆ.

ಯೋಚಿಸಬೇಕಾದದ್ದು ಎಸಿಎಫ್ (ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್) ಪ್ರೊ, ಪುಟಕ್ಕೆ ನಮಗೆ ಬೇಕಾದ ಮಾಹಿತಿಯ ಫೀಲ್ಡುಗಳನ್ನು ಸೇರಿಸುವ ಪ್ಲಗಿನ್. ನಿಮ್ಮ ಊಟದ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಹೆಸರು, ಬೆಲೆ, ಫೋಟೊ ಇರುತ್ತೆ, ಸಾಲುಗಳು ಹೆಚ್ಚು ಕಡಿಮೆ ಆಗುತ್ತಿರುತ್ತವೆ. ಅದಕ್ಕೆ ಬೇಕಾದ, ಸಾಲು ಸೇರಿಸುತ್ತಾ ಹೋಗಬಹುದಾದ ರಿಪೀಟರ್ ಫೀಲ್ಡ್ ಎಸಿಎಫ್‌ನ ಉಚಿತ ಆವೃತ್ತಿಯಲ್ಲಿಲ್ಲ. 2024ರ ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನವರು ಅದನ್ನು ಫೋರ್ಕ್ ಮಾಡಿ (ಅದರ ಕೋಡ್‌ನಿಂದಲೇ ಬೇರೆ ಪ್ಲಗಿನ್ ಮಾಡಿ) ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಅಂತ ತಂದರು, ಅದರಲ್ಲಿ ಈಗ ರಿಪೀಟರ್ ಪುಕ್ಕಟೆ. ಹೊಸದಾಗಿ ಕಟ್ಟುವವರು ಅದರಿಂದಲೇ ಶುರುಮಾಡಬಹುದು. ಎರಡನ್ನೂ ಒಟ್ಟಿಗೆ ಮಾತ್ರ ಓಡಿಸಬೇಡಿ. ಯಾವುದನ್ನೇ ಬಳಸಿದರೂ ಲೆಕ್ಕ ಒಂದೇ: ಮೂರು ಫೀಲ್ಡಿನ ಒಂದು ಸಾಲಿಗೆ ಡೇಟಾಬೇಸ್‌ನಲ್ಲಿ ಆರು ಸಾಲು, ಅಂದರೆ 50 ಪದಾರ್ಥಕ್ಕೆ 300. ಖಾನಾವಳಿಗೆ ಇದೇನೂ ಭಾರವಲ್ಲ. ಪಟ್ಟಿ ತುಂಬಾ ಉದ್ದವಾಗಿ, ಸೇವ್ ಮಾಡಿದಾಗ ಕೊನೆಯ ಸಾಲುಗಳು ಸದ್ದಿಲ್ಲದೆ ಮಾಯವಾದರೆ ಪ್ಲಗಿನ್ ಬೈಯಬೇಡಿ. ಒಂದು ಫಾರ್ಮ್‌ನಿಂದ ಎಷ್ಟು ಇನ್‌ಪುಟ್ ತಗೊಳ್ಳಬೇಕು ಅನ್ನುವುದಕ್ಕೆ ವರ್ಡ್‌ಪ್ರೆಸ್ ಓಡುವ ಪಿಎಚ್‌ಪಿ ಭಾಷೆಯಲ್ಲಿ ಒಂದು ಮಿತಿ ಇದೆ, ಮೂಲದಲ್ಲಿ 1000. ಹೋಸ್ಟಿಂಗ್ ಪ್ಯಾನೆಲ್‌ನ ಪಿಎಚ್‌ಪಿ ಆಯ್ಕೆಗಳಲ್ಲಿ ಅದನ್ನು 3000ಕ್ಕೆ ಏರಿಸಿದರೆ ಸಾಕು.

ಎರಡು ಭಾಷೆಯಲ್ಲಿ ಪುಟ ಇಡಲು ಡಬ್ಲ್ಯೂಪಿಎಂಎಲ್ ಅನ್ನುವ ಪ್ಲಗಿನ್ ಕೊಳ್ಳಿ ಅಂತ ಪಟ್ಟಿ ಕೊಟ್ಟವರು ಅಂದಿದ್ದಾರೆ. ಹತ್ತು ಹದಿನೈದು ಪುಟಕ್ಕೆ ಅದೇ ಕೆಲಸದ ಪಾಲಿಲ್ಯಾಂಗ್‌ನ ಉಚಿತ ಆವೃತ್ತಿಯೇ ಧಾರಾಳ. ಕನ್ನಡದವರಿಗೆ ನಿಜವಾಗಿ ತಲೆನೋವು ಕೊಡುವುದು ಬೇರೆ, ಅದನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಗಿಲ್ಲ. ಕನ್ನಡ ಶೀರ್ಷಿಕೆಯಿಂದ ತಾನಾಗಿ ಹುಟ್ಟುವ ಸ್ಲಗ್ (ವಿಳಾಸದಲ್ಲಿ ಪುಟದ ಹೆಸರಿರುವ ಭಾಗ) ಅರ್ಧಕ್ಕೇ ತುಂಡಾಗುತ್ತೆ. ಸ್ಲಗ್‌ಗೆ ವರ್ಡ್‌ಪ್ರೆಸ್ ಕೊಡುವ ಜಾಗ 200 ಅಕ್ಷರ. ಕನ್ನಡದ ಪ್ರತಿ ಚಿಹ್ನೆ ಮೂರು ಬೈಟು, ವಿಳಾಸದಲ್ಲಿ ಪ್ರತಿ ಬೈಟಿಗೆ ಮೂರು ಅಕ್ಷರ, ಒಟ್ಟು ಒಂಬತ್ತು. ಕಾಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ: ‘ರೊಟ್ಟಿ’ ಅನ್ನುವುದರಲ್ಲಿ ಆರು ಚಿಹ್ನೆ, ಅದೊಂದಕ್ಕೇ 54 ಖರ್ಚು. ಹೀಗೆ 22 ಚಿಹ್ನೆಗೆ ಜಾಗ ಮುಗಿಯುತ್ತೆ. ಸ್ಲಗ್‌ ಅನ್ನು ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ, ಅದೂ ಪಬ್ಲಿಷ್ ಒತ್ತುವ ಮುಂಚೆ.

ಉಳಿದವು ಬೇಗ ಮುಗಿಯುತ್ತವೆ. ಸರ್ಚ್‌ನಲ್ಲಿ ಸೈಟು ಚೆನ್ನಾಗಿ ಕಾಣಲು ಬಳಸುವ ಯೋಸ್ಟ್ ಪ್ರೀಮಿಯಂನ ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ) ಸೌಲಭ್ಯಕ್ಕೆ ರೀಡೈರೆಕ್ಷನ್ ಅನ್ನುವ ಉಚಿತ ಪ್ಲಗಿನ್ ಇದೆ. ಅಪ್‌ಡ್ರಾಫ್ಟ್‌ಪ್ಲಸ್ ದುಡ್ಡಿಲ್ಲದೆಯೇ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಕಳಿಸುತ್ತೆ. ಭದ್ರತೆಯ ಪ್ಲಗಿನ್ ವರ್ಡ್‌ಫೆನ್ಸ್‌ನಲ್ಲಿ ಫೈರ್‌ವಾಲ್‌ನ (ದಾಳಿ ತಡೆಯುವ ಭಾಗ) ಹೊಸ ನಿಯಮಗಳು ಉಚಿತ ಬಳಕೆದಾರರಿಗೆ 30 ದಿನ ತಡವಾಗಿ ಬರುತ್ತವೆ. ನಿಮ್ಮ ಸೈಟಿನಲ್ಲಿ ಆನ್‌ಲೈನ್ ಪೇಮೆಂಟ್ ಇಲ್ಲ, ಪ್ಲಗಿನ್‌ಗಳನ್ನು ಸಕಾಲಕ್ಕೆ ಅಪ್‌ಡೇಟ್ ಮಾಡುತ್ತಿದ್ದರೆ ಅಷ್ಟು ತಡ ತಡೆದುಕೊಳ್ಳಬಹುದು. ಫಾರ್ಮ್‌ಗೆ ಕಾಂಟ್ಯಾಕ್ಟ್ ಫಾರ್ಮ್ 7 ಸಾಕು, ಆದರೆ ಅದು ಬರೀ ಮೇಲ್ ಕಳಿಸುತ್ತೆ, ಏನನ್ನೂ ಉಳಿಸಿಕೊಳ್ಳುವುದಿಲ್ಲ. ಮೇಲ್ ಕಳೆದರೆ ಆರ್ಡರೂ ಹೋಯಿತು. ಬಂದದ್ದನ್ನು ಉಳಿಸಿಡುವ ಫ್ಲೆಮಿಂಗೋ ಪ್ಲಗಿನ್ನನ್ನೂ ಜೊತೆಗೆ ಹಾಕಿ. ಪಟ್ಟಿಯ ಕೊನೆಯಲ್ಲಿರುವ, ಪುಟದ ವಿನ್ಯಾಸ ಮಾಡುವ ಎಲಿಮೆಂಟರ್ ಪ್ರೊ, ಈಗಿರುವ ಥೀಮಿನಲ್ಲೇ ಪುಟ ಸರಿಯಾಗಿ ಕಾಣುತ್ತಿದ್ದರೆ ಬೇಡವೇ ಬೇಡ.

ಇದೇ ಪ್ಲಗಿನ್‌ಗಳನ್ನು ಇನ್ನೂರು ರೂಪಾಯಿಗೆ ಮಾರುವವರು ಸಿಗುತ್ತಾರೆ. ಜಿಪಿಎಲ್ (ಯಾರು ಬೇಕಾದರೂ ಹಂಚಬಹುದಾದ ಲೈಸೆನ್ಸ್) ಇರುವುದರಿಂದ ಹಂಚುವುದು ತಪ್ಪಲ್ಲ ಅನ್ನುತ್ತಾರೆ, ಅದು ನಿಜವೇ. ಆದರೆ ಲೈಸೆನ್ಸ್ ತಪಾಸಣೆ ಕಿತ್ತವರು ಜೊತೆಗೆ ಇನ್ನೇನು ತುರುಕಿದ್ದಾರೆ ಅಂತ ನಿಮಗೆ ಗೊತ್ತಾಗುವುದಿಲ್ಲ, ಅಪ್‌ಡೇಟೂ ಬರುವುದಿಲ್ಲ. ಯೂಸರ್ಸ್ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

ದುಡ್ಡು ಕಟ್ಟುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ವಹಿವಾಟು ಆನ್ ಮಾಡಿ. ಬೆಲೆ ಡಾಲರ್‌ನಲ್ಲಿರುತ್ತೆ, ಬ್ಯಾಂಕಿನ ಫಾರಿನ್ ಕರೆನ್ಸಿ ಮಾರ್ಕಪ್ಪೂ ಸೇರುತ್ತೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತವಾಗಲು ಕೊಡುವ ಒಪ್ಪಿಗೆ) ನಿಯಮ ಬಿಗಿಯಾದ ಮೇಲೆ ಹೊರದೇಶದ ಕಂಪನಿಗಳ ಆಟೋ ರಿನ್ಯೂವಲ್ ನಮ್ಮ ಕಾರ್ಡುಗಳಲ್ಲಿ ಆಗಾಗ ಫೇಲ್ ಆಗುತ್ತೆ, ಹಾಗಾಗಿ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಡಬ್ಲ್ಯೂಪಿ ರಾಕೆಟ್‌ಗೆ 14 ದಿನದೊಳಗೆ ಹಣ ವಾಪಸು ಕೇಳಬಹುದು. ಹಬ್ಬದ ಗಿರಾಕಿ ಇರುವ ವಾರ ಬಿಟ್ಟು, ಕೂತು ಪರೀಕ್ಷಿಸಲು ಬಿಡುವಿರುವಾಗ ಕೊಳ್ಳಿ.